ಕಾಡು ಕಾಯುವವನೇ ಊರು ಮುಳುಗಿಸಿದಾಗ

ಪ್ರಶ್ನೆ: ಶಿವಮೊಗ್ಗದ ವಿನೋಬನಗರದಲ್ಲಿ ಗೆಳೆಯನ ಮನೆ ಮಹಡಿ ಮೇಲೆ ಪ್ರತಿ ಶನಿವಾರ ಆರು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾತು ಮತ್ತು ದಾಳದಿಂದ ಕಥೆ ಕಟ್ಟುವ ಆಟ. 2014ರ ನಿಯಮ. ನಾನೇ ಡಿಎಂ, ಅಂದರೆ ಕಥೆ ನಡೆಸುವವನು. ಆ ಮನೆಯ ಹುಡುಗನದ್ದು ಒಂಬತ್ತನೇ ಲೆವೆಲ್ಲಿನ ಡ್ರುಯಿಡ್ ಪಾತ್ರ, ಕಾಡಿನ ಮಾಂತ್ರಿಕ. ಪಾತ್ರಕ್ಕೆ ಹೆಂಡತಿ, ಮುದಿ ತಾಯಿ, ಹದಿನಾಲ್ಕರ ಮಗಳು, ಎಂಟರ ಮಗ ಇದ್ದಾರೆ. ಮನೆಯವರೆಲ್ಲ ಸೇರಿ ಒಂದು ಹಳೇ ಬನ ಕಾಯುತ್ತಾರೆ. ಕೆಳಗಿನ ಮೂರು ಹಳ್ಳಿಗೆ ಅವನು ವರ್ಷಕ್ಕೊಮ್ಮೆ ಮಂತ್ರ ಹಾಕಿ ಬೆಳೆ ದುಪ್ಪಟ್ಟು ಮಾಡಿಕೊಡುತ್ತಾನೆ. ಬದಲಿಗೆ ಕಾಲು ಭಾಗ ಬೆಳೆ, ಬನದ ಚಾಕರಿಗೆ ಆಳು ತಗೊಳ್ಳುತ್ತಾನೆ. ಹೋದ ತಿಂಗಳು ಒಂದು ಹಳ್ಳಿಯವರು ಬನದ ಅಂಚಿನ ಮರ ಕಡಿದರು. ಅವನು ರಾತ್ರೋರಾತ್ರಿ ಮೇಲಿನ ಕೆರೆಯ ನೀರು ಏರಿಸಿ ಏರಿ ಒಡೆಸಿದ. ನಲವತ್ತು ಮನೆ ಹೋದವು. ‘ಡ್ರುಯಿಡ್ ನ್ಯೂಟ್ರಲ್, ಪ್ರಕೃತಿಗೆ ಒಳ್ಳೇದು ಕೆಟ್ಟದ್ದು ಅಂತ ಇಲ್ಲ’ ಅನ್ನುತ್ತಾನೆ. ಇಬ್ಬರು ಆಟಗಾರರು ಅವನನ್ನು ಕೊಲ್ಲಲೇಬೇಕು ಅಂತ ಕೂತಿದ್ದಾರೆ. ಇನ್ನೊಬ್ಬ ಎರಡು ವಾರದಿಂದ ಬಂದೇ ಇಲ್ಲ. ಅವನು ಸಾಗರದ ಕಡೆಯವನು, ಅಜ್ಜನ ಕಾಲದಲ್ಲಿ ಶರಾವತಿ ಹಿನ್ನೀರಿನಿಂದ ಎದ್ದು ಬಂದ ಮನೆತನ. ಡ್ರುಯಿಡ್ ಆಡುವವನ ಅಮ್ಮ ಕೆಳಗಿನಿಂದ ಕೇಳಿಸಿಕೊಂಡು ‘ಇದೆಂಥ ಆಟ’ ಅಂತ ಹೆದರಿದ್ದಾರೆ. ಡ್ರುಯಿಡ್ ಇಷ್ಟು ಕೆಟ್ಟವನಾಗಬಹುದೇ? ನಿಯಮದ ಪ್ರಕಾರ ಅವನ ಶಕ್ತಿ ಕಿತ್ತುಕೊಳ್ಳಲೇ? ಬುದ್ಧಿ ಬರಲಿ ಅಂತ ಅವನ ಕುಟುಂಬವನ್ನೇ ಕೊಲ್ಲಿಸುವ ಯೋಚನೆಯೂ ಇದೆ. ಆಟದೊಳಗೆ ಆಮೇಲೆ ಮೂರೇ ದಿನ ಕಳೆದಿದೆ.

ಉತ್ತರ: ನಿಮ್ಮ ಪತ್ರದ ಮುಕ್ಕಾಲು ಭಾಗ ಡ್ರುಯಿಡ್‌ಗೆ ಹೋಗಿದೆ. ನಾನು ಓದುತ್ತಾ ನಿಂತಿದ್ದು ಮಾತ್ರ ಸಾಗರದ ಹುಡುಗನ ಬಗ್ಗೆ ಬರೆದ ಆ ಎರಡು ಸಾಲಿನ ಹತ್ತಿರ. ಅಲ್ಲಿಂದಲೇ ಶುರು ಮಾಡುತ್ತೇನೆ, ಮಿಕ್ಕಿದ್ದು ಒಂದು ವಾರ ಕಾದರೂ ನಡೆಯುತ್ತದೆ.

ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಆಗಿದ್ದು 1964ರಲ್ಲಿ. ನಮ್ಮ ಕಡೆ ಅದು ಪಾಠದ ಪುಸ್ತಕದಲ್ಲಿ ಓದಿ ಮರೆಯುವ ಇಸವಿ ಅಲ್ಲ. ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದ ವರ್ಷ ಅದರ ಹಿನ್ನೀರಲ್ಲಿ ಮುಳುಗಿದ ಹಳೇ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದೆ. ಜನ ಬೈಕು ಹತ್ತಿ ನೋಡಲು ಹೋಗುತ್ತಾರೆ, ಫೋಟೋ ತೆಗೆಯುತ್ತಾರೆ. ಅದೇ ದಂಡೆಯಲ್ಲಿ ನಿಂತು ಕೈ ಚಾಚಿ ‘ಅಗೋ ಅಲ್ಲಿ ನಮ್ಮ ಅಂಗಳ ಇತ್ತು’ ಅನ್ನುವ ಹಿರಿಯರೂ ಇದ್ದಾರೆ. ಅಂಥ ಮನೆಯಲ್ಲಿ ಬೆಳೆದ ಹುಡುಗ ಶನಿವಾರ ಸಂಜೆ ಆಟಕ್ಕೆ ಅಂತ ಬಂದು ಕೂತಿದ್ದಾನೆ. ಮೇಜಿನ ಆಚೆ ಕೂತ ಗೆಳೆಯ ದಾಳ ಉರುಳಿಸಿ ನಲವತ್ತು ಮನೆ ಮುಳುಗಿಸುತ್ತಾನೆ, ಕಾಡಿನ ಒಳ್ಳೇದಕ್ಕೆ ಅಂತಾನೆ. ಅಲ್ಲಿ ಬೆಳಕಿಗೋಸ್ಕರ ಊರು ಹೋಯಿತು, ಇಲ್ಲಿ ಕಾಡಿಗೋಸ್ಕರ. ಮುಳುಗಿದವರ ಕಡೆಯಿಂದ ನೋಡಿದರೆ ಎರಡೂ ನೀರೇ.

ಅದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಪರೀಕ್ಷೆ ಇರಬಹುದು, ಬೈಕು ಕೆಟ್ಟಿರಬಹುದು. ಆದರೂ ನೀವು ಫೋನ್ ಮಾಡಲೇಬೇಕು. ಮೆಸೇಜ್ ಬೇಡ, ಫೋನ್. ‘ಯಾಕೋ ಬರಲಿಲ್ಲ’ ಅಂತ ಶುರು ಮಾಡಿದರೆ ‘ಏನಿಲ್ಲ ಮಾರಾಯ, ಸ್ವಲ್ಪ ಕೆಲಸ’ ಅಂತ ಮುಗಿಸುತ್ತಾನೆ. ‘ಆ ಕೆರೆ ಒಡೆಸಿದ್ದು ನನಗೇ ಸರಿ ಕಾಣಲಿಲ್ಲ, ನಾನು ಅಲ್ಲೇ ನಿಲ್ಲಿಸಬೇಕಿತ್ತು’ ಅಂತ ಶುರು ಮಾಡಿ. ಆಮೇಲೆ ಸುಮ್ಮನಿರಿ.

ಇದು ಅವನನ್ನು ಸಮಾಧಾನ ಮಾಡಲು ಹೇಳುವ ಸುಳ್ಳೂ ಅಲ್ಲ. ನೀರು ಏರಿಸಲು ನಿಮ್ಮ ಡ್ರುಯಿಡ್ ಬಳಸಿದ್ದು ಕಂಟ್ರೋಲ್ ವಾಟರ್ ಮಂತ್ರ ತಾನೇ? ಪುಸ್ತಕ ತೆಗೆದು ನೋಡಿ. ಉದ್ದ, ಅಗಲ, ಎತ್ತರ ಮೂರೂ ಹೆಚ್ಚೆಂದರೆ ನೂರು ಅಡಿ ಇರುವ ಜಾಗದೊಳಗಿನ ನೀರಿನ ಮೇಲೆ ಮಾತ್ರ ಅದರ ಹಿಡಿತ. ಮಟ್ಟ ಏರುವುದು ಹೆಚ್ಚೆಂದರೆ ಇಪ್ಪತ್ತು ಅಡಿ. ಹತ್ತು ನಿಮಿಷ, ಅದೂ ಅವನ ಗಮನ ಕದಲದಿದ್ದರೆ. ಇಷ್ಟರಲ್ಲಿ ದಂಡೆ ಪಕ್ಕದ ನಾಲ್ಕು ಮನೆಗೆ ನೀರು ನುಗ್ಗುತ್ತದೆ. ನಲವತ್ತು ಮನೆ ಕೊಚ್ಚಿಹೋಗಬೇಕಾದರೆ ಕೆರೆ ಏರಿ ಒಡೆಯಬೇಕು. ಏರಿ ಒಡೆಯುತ್ತದೆ ಅಂತ ಮಂತ್ರದಲ್ಲಿ ಎಲ್ಲೂ ಬರೆದಿಲ್ಲ, ಅದನ್ನು ಹೇಳಿದ್ದು ನೀವು. ಆ ಗಳಿಗೆಗೆ ಮಜಾ ಅನ್ನಿಸಿರುತ್ತದೆ, ದೃಶ್ಯ ದೊಡ್ಡದಾಗಲಿ ಅಂತ ‘ಸರಿ, ಒಡೆಯಿತು’ ಅಂದಿರುತ್ತೀರಿ. ನನಗೂ ಹೀಗೆ ಎಷ್ಟೋ ಸಲ ಆಗಿದೆ. ಮೊದಲು ಬೆಂಗಳೂರಿನಲ್ಲಿ, ಈಗ ಊರಲ್ಲಿ ತೋಟದ ಕೆಲಸದ ನಡುವೆ, ಹದಿನಾಲ್ಕು ವರ್ಷದಿಂದ ಈ ಆಟ ನಡೆಸುತ್ತಿದ್ದೇನೆ. ಕಾಸು ಕೊಟ್ಟು ಆಡುವವರಿಗೂ ನಡೆಸಿದ್ದೇನೆ. ಆಟಗಾರ ಮಾಡಿದ ದೊಡ್ಡ ಪಾಪಗಳಲ್ಲಿ ಅರ್ಧಕ್ಕರ್ಧ ಡಿಎಂ ‘ಹೂಂ’ ಅಂದದ್ದರಿಂದಲೇ ಆದದ್ದು.

ಇನ್ನು ನಿಮ್ಮ ಮೊದಲ ಪ್ರಶ್ನೆ. ಡ್ರುಯಿಡ್ ಕೆಟ್ಟವನಾಗಬಹುದೇ? ಆಗಬಹುದು.

ನ್ಯೂಟ್ರಲ್ ಅನ್ನುವ ಮಾತು ಹಳೇ ಕಾಲದ್ದು. ಪಾತ್ರದ ಸ್ವಭಾವವನ್ನು ಒಳ್ಳೇದು-ಕೆಟ್ಟದ್ದು, ಕಟ್ಟಳೆ-ಸ್ವೇಚ್ಛೆ ಅನ್ನುವ ಎರಡು ಅಳತೆಯಲ್ಲಿ ನೋಡುತ್ತಾರೆ, ನ್ಯೂಟ್ರಲ್ ಅಂದರೆ ಎರಡು ತುದಿಯ ನಡುವೆ. ಈ ಆಟ ಅಮೆರಿಕದಲ್ಲಿ ಬಂದಿದ್ದು 1974ರಲ್ಲಿ. ಡ್ರುಯಿಡ್ ಮೊದಲು ಎದುರಾಳಿಯಾಗಿ ಕಾಣಿಸಿಕೊಂಡ, 1976ರಲ್ಲಿ ಆಟಗಾರರು ತಗೊಳ್ಳಬಹುದಾದ ಪಾತ್ರವಾದ. 1978ರ ನಿಯಮದಲ್ಲಿ ಡ್ರುಯಿಡ್ ಅಂದರೆ ಪೂರ್ತಿ ನ್ಯೂಟ್ರಲ್ ಇರಲೇಬೇಕಿತ್ತು. 2000ದ ಮೂರನೇ ಆವೃತ್ತಿಯಲ್ಲಿ ಅದು ಸಡಿಲ ಆಯಿತು, ಆ ಎರಡರಲ್ಲಿ ಯಾವುದಾದರೂ ಒಂದು ಅಳತೆಯಲ್ಲಿ ನ್ಯೂಟ್ರಲ್ ಇದ್ದರೆ ಸಾಕು ಅಂದರು. ಪ್ರಕೃತಿಯ ಮೇಲಿನ ಭಕ್ತಿ ಬಿಟ್ಟರೆ, ಅಥವಾ ಡ್ರುಯಿಡ್‌ಗಳ ಗುಪ್ತ ಭಾಷೆಯನ್ನು ಹೊರಗಿನವರಿಗೆ ಕಲಿಸಿದರೆ ಶಕ್ತಿ ಹೋಗುತ್ತದೆ ಅನ್ನುವ ಮಾತು ಆ ಆವೃತ್ತಿಯಲ್ಲಿತ್ತು. ನೀವು ಆಡುತ್ತಿರುವ 2014ರ ಪುಸ್ತಕದಲ್ಲಿ ಇದ್ಯಾವುದೂ ಇಲ್ಲ. ಲೋಹದ ಕವಚ ತೊಡುವುದಿಲ್ಲ ಅನ್ನುವ ಒಂದು ಕಟ್ಟಳೆ ಉಳಿದಿತ್ತು, 2024ರ ಪರಿಷ್ಕರಣೆಯಲ್ಲಿ ಅದೂ ಹೋಯಿತು. ಹಾಗಾಗಿ ನಿಯಮ ತೋರಿಸಿ ಶಕ್ತಿ ಕಿತ್ತುಕೊಳ್ಳಲು ನಿಮಗೆ ದಾರಿ ಇಲ್ಲ. ಕಿತ್ತುಕೊಂಡರೆ ಅದು ನಿಮ್ಮ ಸಿಟ್ಟು ಅಂತ ಅವನಿಗೆ ತಕ್ಷಣ ಗೊತ್ತಾಗುತ್ತದೆ.

ನಿಜವಾದ ಡ್ರುಯಿಡ್‌ಗಳು, ಅಂದರೆ ಹಳೇ ಯುರೋಪಿನ ಕೆಲ್ಟ್ ಜನರ ಪುರೋಹಿತರು, ಹೇಗಿದ್ದರು ಅಂತಲೂ ಮೇಜಿನ ಮೇಲೆ ವಾದ ಬಂದೇ ಬರುತ್ತದೆ. ಒಬ್ಬ ಅವರನ್ನು ಮರ ಪೂಜಿಸುವ ಸಾಧುಗಳು ಅಂತಾನೆ, ಇನ್ನೊಬ್ಬ ನರಬಲಿ ಕೊಡುವವರು ಅಂತಾನೆ. ಅವರು ತಮ್ಮ ವಿದ್ಯೆಯನ್ನು ಬರೆದಿಡಲಿಲ್ಲ. ಇಪ್ಪತ್ತು ವರ್ಷದವರೆಗೂ ಬಾಯಿಪಾಠ ಮಾಡುತ್ತಿದ್ದರು ಅಂತ ಜೂಲಿಯಸ್ ಸೀಸರ್ ಬರೆದಿದ್ದಾನೆ. ನರಬಲಿಯ ಮಾತೂ ಅವನದ್ದೇ, ಅವರ ನೆಲ ಗೆಲ್ಲಲು ಹೋದ ಸೇನಾಪತಿಯದ್ದು. ಚಿನ್ನದ ಕುಡುಗೋಲಲ್ಲಿ ಓಕ್ ಮರದ ಬಂದಳಿಕೆ ಕೊಯ್ಯುತ್ತಿದ್ದರು ಅಂತ ಬರೆದ ಪ್ಲಿನಿಯೂ ರೋಮಿನವನೇ. ನಿಮ್ಮ ಹುಡುಗ ‘ಇತಿಹಾಸದಲ್ಲಿ ಹೀಗೇ ಇತ್ತು’ ಅಂದರೆ ನಕ್ಕು ಮುಂದೆ ಹೋಗಿ.

‘ಪ್ರಕೃತಿಗೆ ಒಳ್ಳೇದು ಕೆಟ್ಟದ್ದು ಇಲ್ಲ’ ಅನ್ನುವುದನ್ನು ಮಾತ್ರ ನಕ್ಕು ಬಿಡಬೇಡಿ. ಅದರಲ್ಲಿ ತಿರುಳಿದೆ. ಆದರೆ ಅವನು ಅದನ್ನು ಅರ್ಧ ಹೇಳುತ್ತಿದ್ದಾನೆ. ಹುಲಿ ದನ ಹಿಡಿಯುತ್ತದೆ ನಿಜ, ಸುಗ್ಗಿ ಮುಗಿದ ಮೇಲೆ ಬಂದು ಕಾಲು ಭಾಗ ಬೆಳೆ ಕೇಳುವುದಿಲ್ಲ. ಗೇಣಿ ವಸೂಲಿ ಮಾಡುವವನು ಪ್ರಕೃತಿ ಅಲ್ಲ, ಒಡೆಯ. ಈ ಪಾತ್ರದ ನಿಜವಾದ ವಿಷಯ ಇರುವುದು ಅಲ್ಲಿ.

ಪ್ಲಾಂಟ್ ಗ್ರೋತ್ ಮಂತ್ರವನ್ನೇ ನೋಡಿ. ಎಂಟು ಗಂಟೆ ಕೂತು ಹಾಕಿದರೆ ಸುತ್ತ ಅರ್ಧ ಮೈಲಿಯ ನೆಲ ಒಂದು ವರ್ಷ ದುಪ್ಪಟ್ಟು ಫಸಲು ಕೊಡುತ್ತದೆ. ಆಟದಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಯುದ್ಧಕ್ಕೆ ಬರುವ ಮಂತ್ರ ಅಲ್ಲವಲ್ಲ. ಆದರೆ ಒಬ್ಬ ರೈತನ ಕಣ್ಣಲ್ಲಿ ಯೋಚಿಸಿ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಸಿ, ಮರ ಹತ್ತಿ ಗೊನೆ ಇಳಿಸುವ ಕೊನೆಗಾರ ಸಿಗದೆ, ಮಳೆ ಬಿಡದೆ ಸುಸ್ತಾದ ನಮ್ಮ ಕಡೆಯ ಯಾವ ತೋಟದವನು ಇಂಥ ಮನುಷ್ಯನಿಗೆ ಬೇಡ ಅಂದಾನು? ಎರಡು ವರ್ಷ ದುಪ್ಪಟ್ಟು ಬೆಳೆ ಬಂದರೆ ಮಗಳ ಮದುವೆ ಆಗುತ್ತದೆ, ಸಾಲ ತೀರುತ್ತದೆ, ಮನೆಗೊಂದು ಅಂಕಣ ಜಾಸ್ತಿ ಆಗುತ್ತದೆ. ಮೂರನೇ ವರ್ಷ ಅವನು ಬರದಿದ್ದರೆ ಅದನ್ನೆಲ್ಲ ನಡೆಸುವುದು ಹೇಗೆ? ಕೆರೆ ಒಡೆಸುವುದಕ್ಕಿಂತ ಎಷ್ಟೋ ಮೊದಲೇ ಆ ಹಳ್ಳಿಗಳ ಜುಟ್ಟು ಆ ಕುಟುಂಬದ ಕೈಯಲ್ಲಿತ್ತು. ಇಷ್ಟು ಒಳ್ಳೇ ಖಳನ ಮನೆತನವನ್ನು ಒಬ್ಬ ಆಟಗಾರ ತಾನಾಗಿ ಕಟ್ಟಿಕೊಟ್ಟಿದ್ದಾನೆ. ನನಗೆ ಸಿಕ್ಕಿದ್ದರೆ ಹಬ್ಬ ಮಾಡುತ್ತಿದ್ದೆ.

ಇಲ್ಲೊಂದು ಮಾತು. ಮಲೆನಾಡಿನ ಹುಡುಗರು ಡ್ರುಯಿಡ್ ಅಂದ ಕೂಡಲೇ ನಮ್ಮ ಚೌಡಿ ಬನ, ದೇವರಕಾಡು ತಂದು ಕೂರಿಸುತ್ತಾರೆ. ಕತ್ತಿ ಒಯ್ಯಬಾರದು, ಕಡ್ಡಿ ಮುರಿಯಬಾರದು ಅನ್ನುವ ಕಟ್ಟು ನಮಗೆ ಗೊತ್ತಿರುವುದೇ, ಹೊಂದುತ್ತದೆ. ತನ್ನಿ, ಆದರೆ ದೇವರ ಹೆಸರು ಬೇಡ. ಯಾರದ್ದೋ ಮನೆದೇವರು ಇನ್ನೊಬ್ಬರ ಆಟದಲ್ಲಿ ನೀರು ನುಗ್ಗಿಸಬಾರದು. ಮತ್ತೆ, ಸೊರಬ ಸಾಗರದ ಕಾನುಗಳಲ್ಲಿ ಕೆಳಗಿನ ಊರಿನವರು ಮೆಣಸು ಕೊಯ್ದರು, ಜೇನು ತೆಗೆದರು, ದರಕು ಗುಡಿಸಿ ತಂದರು. ಕಾಡು ಉಳಿದದ್ದೂ ಆ ಬಳಕೆಯ ಜೊತೆಗೇ. ನಿಮ್ಮ ಆಟದ ಬನ ಒಂದೇ ಮನೆಯ ಆಸ್ತಿ ಆದದ್ದು ಯಾವಾಗ, ಅದಕ್ಕೆ ಮೊದಲು ಯಾರದ್ದಾಗಿತ್ತು? ಆ ಮುದಿ ತಾಯಿಗೆ ಗೊತ್ತಿರಬೇಕು.

ಕುಟುಂಬವನ್ನು ಕೊಲ್ಲಿಸುವ ವಿಚಾರಕ್ಕೆ ಬರುತ್ತೇನೆ. ಬೇಡ. ಖಂಡಿತ ಬೇಡ.

ನಾನೊಮ್ಮೆ ಮಾಡಿದ್ದೇನೆ. ಒಬ್ಬಳು ಆಟಗಾರ್ತಿಯ ಪಾತ್ರಕ್ಕೆ ತಂಗಿ ಇದ್ದಳು. ತಂಗಿಗೆ ಕೀಲುಗೊಂಬೆ ಮಾಡುವ ಹುಚ್ಚು, ಪ್ರತಿ ಸಲ ಅಕ್ಕ ಊರಿಗೆ ಬಂದಾಗ ಒಂದು ಹೊಸ ಗೊಂಬೆ ತೋರಿಸುತ್ತಿದ್ದಳು. ಕಥೆಗೆ ಬಿಸಿ ಬರಲಿ ಅಂತ ಆ ತಂಗಿಯನ್ನು ಕೊಲ್ಲಿಸಿ, ಅರ್ಧ ಕೆತ್ತಿದ ಗೊಂಬೆ ಅಕ್ಕನ ಕೈಗೆ ಸಿಗುವ ಹಾಗೆ ಮಾಡಿದೆ. ಎಲ್ಲರೂ ಸ್ತಬ್ಧ. ಆಹಾ ಅಂದುಕೊಂಡೆ. ಮುಂದಿನ ಕಥೆಗೆ ಎಲ್ಲರೂ ಹೊಸ ಪಾತ್ರ ಬರೆದು ತಂದರು. ಐದು ಪಾತ್ರ, ಐದೂ ಅನಾಥ! ಅಪ್ಪ ಅಮ್ಮ ಇಲ್ಲ, ಊರಿಲ್ಲ, ನಾಯಿ ಕೂಡ ಇಲ್ಲ. ನಾನು ಕಸಿದುಕೊಳ್ಳಬಹುದಾದ ಏನನ್ನೂ ಯಾರೂ ನನ್ನ ಕೈಗೆ ಕೊಡಲಿಲ್ಲ.

ಈ ಆಟ ಆಡುವವರಲ್ಲಿ ಅನಾಥ ಪಾತ್ರಗಳು ಯಾಕಿಷ್ಟು ಅಂದರೆ ಡಿಎಂಗಳ ಈ ಚಾಳಿಯೇ ಒಂದು ಕಾರಣ. ನಿಮ್ಮ ಹುಡುಗ ನಾಲ್ಕು ಜನರ ಕುಟುಂಬ ತಂದಿದ್ದಾನೆ, ವಯಸ್ಸು ಸಮೇತ. ಅದು ನಿಮ್ಮ ಮೇಲೆ ಇಟ್ಟ ನಂಬಿಕೆ. ಇನ್ನೂ ಒಂದು ತೊಂದರೆ ಇದೆ. ಕುಟುಂಬ ಸತ್ತರೆ ಅವನು ನೊಂದವನಾಗುತ್ತಾನೆ. ಸೇಡು ತೀರಿಸಿಕೊಳ್ಳಲು ಹೊರಡುತ್ತಾನೆ. ನಲವತ್ತು ಮನೆಯ ವಿಷಯ ಅಲ್ಲಿಗೆ ಮುಚ್ಚಿಹೋಗುತ್ತದೆ.

ಹಾಗಾದರೆ ಅವನಿಗೆ ಎದುರು ನಿಲ್ಲುವುದು ಯಾರು? ತಾಳಮದ್ದಳೆ ನೋಡಿದ್ದೀರಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತು. ಒಬ್ಬ ಅರ್ಥಧಾರಿ, ಅಂದರೆ ಪಾತ್ರದ ಮಾತು ಆಡುವವನು, ಕೌರವನ ಪರವಾಗಿ ಮುಕ್ಕಾಲು ಗಂಟೆ ವಾದ ಹೂಡಿದರೆ ಕೇಳುವವನಿಗೆ ‘ಹೌದಲ್ಲ, ಇವನದ್ದೇ ಸರಿ’ ಅನ್ನಿಸಿಬಿಡುತ್ತದೆ. ಅದು ತಪ್ಪಲ್ಲ, ಅದೇ ಸೊಗಸು. ಯಾಕೆಂದರೆ ಆಚೆ ಕೃಷ್ಣ ಕೂತಿರುತ್ತಾನೆ, ಒಂದೊಂದು ಮಾತಿಗೂ ಉತ್ತರ ಕೊಡುತ್ತಾನೆ. ನಿಮ್ಮ ಮಹಡಿಯಲ್ಲಿ ಕೌರವ ಕೂತಿದ್ದಾನೆ, ಎದುರಿನ ಚಾಪೆ ಖಾಲಿ ಇದೆ. ಮುಳುಗಿದ ಹಳ್ಳಿಗೆ ನೀವು ಹೆಸರಿಟ್ಟಿದ್ದಿರಾ? ಅಲ್ಲಿನ ಒಬ್ಬ ಮನುಷ್ಯನಿಗಾದರೂ? ಪತ್ರದಲ್ಲಂತೂ ಇಲ್ಲ. ಹೆಸರಿಲ್ಲದ ಊರನ್ನು ಮುಳುಗಿಸುವುದು ಯಾರಿಗೂ ಕಷ್ಟ ಅಲ್ಲ.

ಎದುರು ಅರ್ಥ ಹೇಳುವವರನ್ನು ಅವನ ಮನೆಯೊಳಗಿಂದಲೇ ಎಬ್ಬಿಸಿ.

ನಾನಾಗಿದ್ದರೆ ಮುಂದಿನ ಆಟವನ್ನು ಊಟದಿಂದ ಶುರು ಮಾಡುತ್ತಿದ್ದೆ. ಕತ್ತಿ ಇಲ್ಲ, ದಾಳ ಇಲ್ಲ. ಬನದ ಮನೆ, ರಾತ್ರಿ, ಒಲೆ. ಹೆಂಡತಿ ಬಡಿಸುತ್ತಿದ್ದಾಳೆ. ‘ಹಳೇ ಅಕ್ಕಿ ಮುಗೀತು. ಹೊಸ ಚೀಲ ಎರಡು ಊರಿಂದ ಬಂದಿದೆ, ಮೂರನೇದು ಬರಲಿಲ್ಲವಲ್ಲ’ ಅಂತಾಳೆ, ಸುಮ್ನೆ, ಲೆಕ್ಕ ಹೇಳುವ ಹಾಗೆ. ಎಂಟರ ಮಗ ಮಧ್ಯೆ ಬಾಯಿ ಹಾಕುತ್ತಾನೆ: ‘ನಾನು ಇವತ್ತು ಕೆಳಗಿನ ಹುಡುಗರಿಗೆ ಹೇಳಿದೆ ಅಪ್ಪ, ಬುಗುರಿ ಕೊಡದಿದ್ದರೆ ನಿಮ್ಮ ಊರಿಗೂ ನೀರು ಬರ್ತದೆ ಅಂತ. ಕೊಟ್ಟರು.’ ಬುಗುರಿ ತೆಗೆದು ತೋರಿಸುತ್ತಾನೆ. ಅಜ್ಜಿ ಮೊಮ್ಮಗನ ತಲೆ ಸವರುತ್ತಾಳೆ. ಮಗಳು ಊಟ ಅರ್ಧಕ್ಕೆ ಬಿಟ್ಟು ಎದ್ದಿದ್ದಾಳೆ, ಯಾಕೆ ಅಂತ ಹೇಳುವುದಿಲ್ಲ.

ಅಷ್ಟೇ. ಆಮೇಲೆ ನೀವು ಬಾಯಿ ಮುಚ್ಚಿಕೊಂಡು ಅವನ ಮುಖ ನೋಡಿ. ಯಾರೂ ಬುದ್ಧಿ ಹೇಳಬಾರದು. ಹೆಂಡತಿ ಬಾಯಲ್ಲಿ ನೀತಿಪಾಠ ಹೇಳಿಸಿದರೆ ಅದು ನಿಮ್ಮದೇ ಧ್ವನಿ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಒಂದು ಪಾತ್ರಕ್ಕೆ ಒಂದು ಮಾತು, ಮುಗೀತು.

ನಾಲ್ಕೂ ಜನ ಒಂದೇ ಕಡೆ ನಿಲ್ಲುವುದೂ ಬೇಡ. ತಾಯಿಗೆ ಮಗ ಮಾಡಿದ್ದು ಸರಿ ಅನ್ನಿಸಲಿ, ಅವಳ ಕಾಲದಲ್ಲಿ ಇನ್ನೂ ಘೋರವಾದದ್ದು ನಡೆದಿರಬಹುದು. ಹೆಂಡತಿಗೆ ತಪ್ಪು ಅಂತ ಗೊತ್ತು, ಆದರೆ ಮಕ್ಕಳ ಹೊಟ್ಟೆ ತುಂಬುವುದು ಆ ಚೀಲದಿಂದಲೇ. ಅವಳದ್ದು ನನಗೆ ಎಲ್ಲರಿಗಿಂತ ಕಷ್ಟದ ಜಾಗ ಅನ್ನಿಸುತ್ತದೆ. ಅವಳ ಬಗ್ಗೆ ಒಂದು ಪ್ರಶ್ನೆಯನ್ನು ಆಟದ ಮಧ್ಯೆ ಅವನಿಗೇ ಕೇಳಿ: ‘ನಿನ್ನ ಹೆಂಡತಿಯ ತವರು ಯಾವ ಊರು?’ ಉತ್ತರವನ್ನು ನೀವು ಕೊಡಬೇಡಿ. ಅವನು ದೂರದ ಯಾವುದೋ ಪಟ್ಟಣ ಅಂದರೆ ಸರಿ, ಅವನಿಗೆ ಅದು ಬೇಡ ಅಂತ ಅರ್ಥ. ಆದರೆ ನನ್ನ ಅನುಭವದಲ್ಲಿ, ಹೀಗೆ ಕೇಳಿದಾಗ ಆಟಗಾರರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮಗೆ ಅತಿ ಜಾಸ್ತಿ ನೋವಾಗುವ ಉತ್ತರವನ್ನೇ ಆರಿಸಿಕೊಳ್ಳುತ್ತಾರೆ. ನೀವಾಗಿ ‘ಅವಳ ತವರು ಮುಳುಗಿದ ಊರು’ ಅಂದರೆ ಅದು ಶಿಕ್ಷೆ. ಅವನೇ ಅಂದರೆ ಕಥೆ.

ಪ್ರಾಯಶ್ಚಿತ್ತಕ್ಕೆ ದಾರಿ ಬೇಕು ಅಂದರೆ ಅದೂ ಅವನ ಕೈಯಲ್ಲೇ ಇದೆ. ನೀವಿಬ್ಬರೂ ಗಮನಿಸಿದ ಹಾಗಿಲ್ಲ. ಒಂಬತ್ತನೇ ಲೆವೆಲ್ಲಿಗೆ ಡ್ರುಯಿಡ್‌ಗೆ ಐದನೇ ಹಂತದ ಮಂತ್ರ ದಿನಕ್ಕೊಂದು ಸಿಗುತ್ತದೆ. ಆ ಹಂತದಲ್ಲಿ ರೀಇನ್‌ಕಾರ್ನೇಟ್ ಇದೆ, ಸತ್ತವರಿಗೆ ಹೊಸ ದೇಹ ಕೊಡುವ ಮಂತ್ರ. ಸತ್ತು ಹತ್ತು ದಿನ ದಾಟಿರಬಾರದು. ಒಬ್ಬರಿಗೆ ಒಂದು ಸಾವಿರ ಚಿನ್ನದ ನಾಣ್ಯ ಬೆಲೆಯ ತೈಲ ಬೇಕು. ಮೂರು ದಿನ ಕಳೆದಿದೆ ಅಂದಿರಿ. ಹೆಚ್ಚೆಂದರೆ ಇನ್ನು ಏಳು ದಿನ, ಏಳು ಜನ. ನಲವತ್ತು ಮನೆಯಲ್ಲಿ ಏಳು ಜನ.

ಯಾರು ಆ ಏಳು? ಯಾರು ಆರಿಸುತ್ತಾರೆ? ಏಳು ಸಾವಿರ ನಾಣ್ಯ ಎಲ್ಲಿಂದ ಬರಬೇಕು? ವರ್ಷಾನುಗಟ್ಟಲೆ ಕಾಲು ಭಾಗ ಕೂಡಿಟ್ಟ ಪೆಟ್ಟಿಗೆ ಮನೆಯಲ್ಲೇ ಇದೆ, ಅದರ ಬೀಗದ ಕೈ ಅಜ್ಜಿಯ ಸೊಂಟದಲ್ಲಿದೆ. ವಾಪಸ್ ಬಂದವರು ಹಳೇ ರೂಪದಲ್ಲಿ ಬರುವುದಿಲ್ಲ. ಯಾವ ಕುಲದ ದೇಹ ಅನ್ನುವುದನ್ನು ದಾಳ ಹೇಳುತ್ತದೆ. ಗದ್ದೆ ಉಳುತ್ತಿದ್ದವಳು ಕುಳ್ಳ ಗ್ನೋಮ್ ಆಗಿ ಏಳಬಹುದು, ಅವಳ ಮಗುವಿಗೆ ಗುರುತೇ ಸಿಗದೆ ಇರಬಹುದು. ಎಲ್ಲಕ್ಕಿಂತ ಮುಖ್ಯ, ಸತ್ತವರ ಆತ್ಮ ಒಪ್ಪದಿದ್ದರೆ ಮಂತ್ರ ಫಲಿಸುವುದಿಲ್ಲ. ಮುಳುಗಿಸಿದವನೇ ಕರೆಯುತ್ತಿದ್ದಾನೆ ಅಂತ ಗೊತ್ತಾದರೆ ‘ನಿನ್ನ ಋಣ ಬೇಡ’ ಅನ್ನುವ ಹಕ್ಕು ಅವರಿಗಿದೆ. ಸಿಟ್ಟಾಗಿರುವ ಆ ಇಬ್ಬರನ್ನೂ ಇದಕ್ಕೆ ಎಳೆಯಬಹುದು: ದೇಹ ಹುಡುಕಬೇಕು, ತೈಲ ತರಬೇಕು, ಪಟ್ಟಿ ಮಾಡಬೇಕು. ಕೊಲ್ಲಬೇಕು ಅಂತಿದ್ದವರು ಅವನ ಪಕ್ಕ ಕೂತು ಹೆಸರು ಬರೆಯುತ್ತಾರೆ.

ಇದರಲ್ಲಿ ಅಪಾಯವೂ ಇದೆ. ಏಳು ಜನ ಎದ್ದರು, ಲೆಕ್ಕ ಚುಕ್ತಾ ಅಂತ ಅವನಿಗೆ ಅನ್ನಿಸಬಹುದು. ಉಳಿದವರ ಬಂಧುಗಳು ಬಾಗಿಲಿಗೆ ಬರಲಿ. ಮತ್ತೆ, ನೀರು, ಹೆಣ, ಹುಡುಕಾಟ ಎಲ್ಲ ಸೇರಿ ಈ ಭಾಗ ತುಂಬಾ ಭಾರ. ಸಾಗರದ ಹುಡುಗನನ್ನು ಕೇಳದೆ ಇದನ್ನು ಆಡಲೇಬೇಡಿ. ಅವನು ಬೇಡ ಅಂದರೆ ಒಂದೇ ಮಾತಲ್ಲಿ ಹಿಂದೆ ಹೋಗಿ: ‘ಏರಿ ಒಡೆಯಲಿಲ್ಲ, ನೀರು ನಾಲ್ಕು ಅಂಗಳಕ್ಕೆ ಬಂತು, ಜನ ಓಡಿ ಪಾರಾದರು.’ ಹೀಗೆ ಕಥೆ ತಿದ್ದುವುದನ್ನು ಕೆಲವರು ಹೇಡಿತನ ಅನ್ನುತ್ತಾರೆ. ನಾನು ಎರಡು ಸಲ ಮಾಡಿದ್ದೇನೆ, ಆಕಾಶ ಬೀಳಲಿಲ್ಲ. ಮಂತ್ರದ ಅಳತೆಯೂ ನಿಮ್ಮ ಕಡೆಗೇ ಇದೆ.

ಆ ಇಬ್ಬರಿಗೆ ಕೊಲ್ಲಲು ಬಿಡಬಹುದೇ? ಬಿಡಬಹುದು, ಆದರೆ ಪಾತ್ರಗಳ ಜಗಳ ಆಟಗಾರರ ಜಗಳ ಆಗಲು ಹತ್ತು ನಿಮಿಷ ಸಾಕು. ಮೊದಲು ಮೂವರೂ ಪಾತ್ರ ಬಿಟ್ಟು, ತಮ್ಮ ಸ್ವಂತ ಹೆಸರಲ್ಲಿ ಒಪ್ಪಬೇಕು. ಅದಕ್ಕಿಂತ ಚೆನ್ನಾಗಿ ಕೂಡುವುದು ಇನ್ನೊಂದು: ಅವನು ಮನಸಾರೆ ಒಪ್ಪಿದರೆ ಡ್ರುಯಿಡನ್ನು ನಿಮ್ಮ ಕೈಗೆ ಕೊಡಲಿ. ನೀವು ಅವನನ್ನು ಕಥೆಯ ಖಳನಾಗಿ ನಡೆಸಿ, ಅವನು ಹೊಸ ಪಾತ್ರ ತರಲಿ, ಬೇಕಾದರೆ ಊಟ ಬಿಟ್ಟು ಎದ್ದ ಆ ಮಗಳನ್ನೇ, ನಾಲ್ಕು ವರ್ಷ ದೊಡ್ಡವಳಾಗಿ. ಹಿರಿಯ ಡ್ರುಯಿಡ್‌ಗಳ ಪಂಚಾಯಿತಿ ಕರೆಯುವುದು ಮೂರನೇ ದಾರಿ. 1978ರ ನಿಯಮದಲ್ಲಿ ಮೇಲಿನ ಹಂತಕ್ಕೆ ಒಂಬತ್ತೇ ಡ್ರುಯಿಡ್, ಅವರ ಮೇಲೆ ಮೂರು ಆರ್ಚ್‌ಡ್ರುಯಿಡ್, ಎಲ್ಲರ ಮೇಲೆ ಒಬ್ಬನೇ ಗ್ರೇಟ್ ಡ್ರುಯಿಡ್. ಮೇಲೇರಬೇಕಾದರೆ ಮೇಲಿನವನನ್ನು ಕಾದಾಡಿ ಸೋಲಿಸಬೇಕು. ನೋಡಲು ಚಂದ, ಆದರೆ ದೊಡ್ಡವರು ಬಂದು ತೀರ್ಪು ಕೊಟ್ಟು ಹೋದರೆ ನಿಮ್ಮ ಆಟಗಾರರು ಜಗಲಿಯಲ್ಲಿ ಕೂತು ನೋಡುವವರಾಗುತ್ತಾರೆ. ನಾನು ಇದನ್ನು ಕೊನೆಗೆ ಇಡುತ್ತೇನೆ.

ಮುಂದೆ ಹೀಗಾಗದ ಹಾಗೆ ಏನಾದರೂ ಮಾಡಿಕೊಳ್ಳಿ. ರಾನ್ ಎಡ್ವರ್ಡ್ಸ್ ಅನ್ನುವ ಆಟ ರಚಿಸುವವರು ಗೆರೆ ಮತ್ತು ಪರದೆ ಅನ್ನುವ ಕ್ರಮ ಹೇಳಿದರು. ಗೆರೆ ದಾಟಿದ್ದು ಆಟದಲ್ಲಿ ಬರುವುದೇ ಇಲ್ಲ. ಪರದೆ ಹಿಂದಿನದ್ದು ನಡೆಯುತ್ತದೆ, ವಿವರ ಬೇಡ. ಜಾನ್ ಸ್ಟಾವ್ರೊಪೌಲೊಸ್ ಅವರ ಎಕ್ಸ್ ಕಾರ್ಡ್ ಇನ್ನೂ ಸರಳ: ಮೇಜಿನ ಮೇಲಿನ ಕಾರ್ಡ್ ಮುಟ್ಟಿದರೆ ಆ ದೃಶ್ಯ ಅಲ್ಲಿಗೆ ನಿಲ್ಲುತ್ತದೆ, ಕಾರಣ ಕೇಳುವ ಹಾಗಿಲ್ಲ. ನಮ್ಮ ಹುಡುಗರಿಗೆ ಕಾರ್ಡ್ ಮುಟ್ಟಲು ಮಹಾ ಸಂಕೋಚ. ನಾನು ಮಧ್ಯೆ ಒಂದು ಗೋಟಡಿಕೆ ಇಡುತ್ತೇನೆ. ಯಾರು ಅದನ್ನು ಕೈಗೆ ತಗೊಂಡರೂ ಮುಂದಿನ ದೃಶ್ಯಕ್ಕೆ ಹೋಗುತ್ತೇನೆ. ಅಡಿಕೆ ಕೈಯಲ್ಲಿ ಹಿಡಿದು ಆಡಿಸುವುದು ಯಾರಿಗೂ ನಾಚಿಕೆ ಅಲ್ಲವಲ್ಲ, ಅದಕ್ಕೇ ಕೆಲಸ ಮಾಡುತ್ತದೆ.

ಕೊನೆಗೆ ಕೆಳಗಿನ ಮನೆಯ ಅಮ್ಮ. ಅವರ ಹೆದರಿಕೆ ಹೊಸದಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಈ ಆಟ ಮಕ್ಕಳ ತಲೆ ಕೆಡಿಸುತ್ತದೆ ಅಂತ ದೊಡ್ಡ ಗದ್ದಲ ಎದ್ದಿತ್ತು. ಮಗನನ್ನು ಕಳೆದುಕೊಂಡ ಒಬ್ಬ ತಾಯಿ 1983ರಲ್ಲಿ ಇದರ ವಿರುದ್ಧ ಸಂಘವನ್ನೇ ಕಟ್ಟಿದರು. ಆ ದುಃಖ ನಿಜ, ಆದರೆ ಆಟವೇ ಕಾರಣ ಅನ್ನುವ ಆರೋಪ ನಿಲ್ಲಲಿಲ್ಲ. ಕೌರವನ ಅರ್ಥ ಹೇಳಿದವರು ಬೆಳಗ್ಗೆ ಎದ್ದು ಯಾರ ರಾಜ್ಯವನ್ನೂ ಕಸಿಯುವುದಿಲ್ಲ ಅಂತ ಅಮ್ಮನಿಗೆ ಹೇಳಿದರೆ ಅರ್ಥವಾಗುತ್ತದೆ. ಆ ಹುಡುಗನಿಗೆ ಕಾಡಿನ ಮೇಲೆ ಪ್ರೀತಿ, ಮರ ಬೀಳುವುದು ನೋಡಿ ಸಿಟ್ಟು ಇರಬಹುದು. ಅದನ್ನು ಅವನು ಹೊರಗೆ ಹೇಳಲಾಗದೆ ಇಲ್ಲಿ ಹೇಳುತ್ತಿರಬಹುದು. ಆಟದ ಹೊರಗೂ ಅವನು ಸಿಡುಕುತ್ತಾ, ಊಟ ನಿದ್ದೆ ಬಿಟ್ಟಿದ್ದರೆ ಅದು ಬೇರೆ ವಿಷಯ. ಆಗ ಡಿಎಂ ಆಗಿ ಅಲ್ಲ, ಗೆಳೆಯನಾಗಿ ಮಾತಾಡಿ.

ನನ್ನ ದೊಡ್ಡಮ್ಮ ಒಮ್ಮೆ ನಮ್ಮ ಆಟದ ಹತ್ತಿರ ಬಂದು ಕೂತಿದ್ದರು. ಹೆಣ ಎಬ್ಬಿಸುವ ಮಾಂತ್ರಿಕನ ಪಾತ್ರದ ಹುಡುಗ ಭಯಂಕರ ದನಿಯಲ್ಲಿ ಏನೋ ಘೋಷಿಸುತ್ತಿದ್ದ. ಅವನ ಪಾತ್ರದ ಅಮ್ಮನ ಮಾತು ನೀವೇ ಆಡಿ ಅಂತ ದೊಡ್ಡಮ್ಮನಿಗೆ ತಮಾಷೆಗೆ ಬಿಟ್ಟೆ. ಅವರು ಸ್ವಲ್ಪ ಯೋಚಿಸಿ ‘ಇಷ್ಟೆಲ್ಲ ಮಾಡಿಕೊಂಡು ಮನೆಗೆ ಬರ್ತೀಯಲ್ಲ, ಕೈ ತೊಳ್ಕೊಂಡ್ಯಾ?’ ಅಂದರು. ಮಾಂತ್ರಿಕನಿಗೆ ಮಾತೇ ಹೊರಡಲಿಲ್ಲ.

ನಿಮ್ಮ ಡ್ರುಯಿಡ್‌ಗೂ ಮುದಿ ತಾಯಿ ಇದ್ದಾಳೆ, ಕೆಳಗೆ ಅವನ ನಿಜವಾದ ಅಮ್ಮ ಇದ್ದಾರೆ. ಊಟದ ಆ ದೃಶ್ಯಕ್ಕೆ ಅವರನ್ನು ಮೇಲೆ ಕರೆದು ಅಜ್ಜಿಯ ಅರ್ಥ ಕೊಟ್ಟು ನೋಡಿ. ಹುಡುಗನಿಗೆ ಮುಜುಗರ ಅಂದರೆ ಬೇಡ. ಆದರೆ ಸಾಗರಕ್ಕೆ ಫೋನ್ ಮಾಡುವುದು ಅದಕ್ಕೂ ಮೊದಲು, ಇವತ್ತೇ.